ಚಳಿ ಬಿಡುತ್ತೆ ಅಂತ ಮುನ್ಸೂಚನೆ ಬಂದಾಗ ಅದನ್ನು ಓದುವ ಬಗೆ

9 ವರ್ಷದ ಹಿಂದೆ ಒಂದೇ ರಾತ್ರಿಗೆ ನನ್ನ 22 ಟೊಮೆಟೊ ಸಸಿ ಹೋದವು. ಆರು ವಾರ ಕಿಟಕಿ ಪಕ್ಕ ಇಟ್ಟು, ದಿನಕ್ಕೊಮ್ಮೆ ಕುಂಡ ತಿರುಗಿಸಿ ಬೆಳೆಸಿದ್ದ ಸಸಿಗಳು. ಆ ವಾರ ನಮ್ಮ ಪ್ರದೇಶದ ಮುನ್ಸೂಚನೆ ‘ವಾರದ ಮೊದಲಿಗೆ ಚಳಿ, ಕೊನೆಗೆ ಬೆಚ್ಚಗೆ’ ಎಂದಿತ್ತು. ಶನಿವಾರಕ್ಕೆ 19 ಡಿಗ್ರಿ ತೋರಿಸಿತ್ತು. 19 ಬಂತು ಕೂಡ. ಮಧ್ಯಾಹ್ನ ಸ್ವೆಟರ್ ಬಿಚ್ಚಿಟ್ಟು ಅಷ್ಟನ್ನೂ ಪಾತಿಗೆ ನೆಟ್ಟೆ. “ರೀ, ಇನ್ನೊಂದು ವಾರ ಒಳಗೇ ಇರಲಿ ಬಿಡಿ” ಅಂದಳು ಹೆಂಡತಿ. ನಾನು ಫೋನ್ ತೋರಿಸಿದೆ. ಭಾನುವಾರ ಬೆಳಗ್ಗೆ ನೋಡಿದರೆ ಎಲೆಗಳೆಲ್ಲ ಬಿಸಿನೀರಲ್ಲಿ ಅದ್ದಿ ತೆಗೆದ ಹಾಗೆ ಕಪ್ಪಾಗಿ ಜೋತುಬಿದ್ದಿದ್ದವು.

ಸಿಟ್ಟಲ್ಲಿ ಅದೇ ಮುನ್ಸೂಚನೆ ತೆಗೆದು ಮತ್ತೆ ನೋಡಿದೆ. ಸುಳ್ಳು ಒಂದೂ ಇರಲಿಲ್ಲ. 19ರ ಕೆಳಗೆ ಮಾಸಲು ಬಣ್ಣದಲ್ಲಿ ಸಣ್ಣದಾಗಿ 3 ಎಂದಿತ್ತು. ಅದು ರಾತ್ರಿಯ ಲೆಕ್ಕ. ನಾನು ಅತ್ತ ಕಣ್ಣೇ ಹಾಯಿಸಿರಲಿಲ್ಲ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಚಳಿ ಮುಗಿದು ಬಿಸಿಲು ಏರುವ ಎರಡು ತಿಂಗಳು ದಿನಾ ಬೆಳಗ್ಗೆ ಬರೆಯುತ್ತೇನೆ. ನಾನು ಹವಾಮಾನ ಓದಿಕೊಂಡವನಲ್ಲ. ಆದರೆ ಮುನ್ಸೂಚನೆಯಲ್ಲಿ ಎಲ್ಲಿ ನೋಡಬೇಕು, ಎಲ್ಲಿ ನಂಬಬೇಕು, ಎಲ್ಲಿ ಕಾಯಬೇಕು ಅನ್ನುವುದು ಈಗ ತಕ್ಕಮಟ್ಟಿಗೆ ಕೈಗೆ ಹತ್ತಿದೆ.

ಮೊದಲು, ಅದು ಎಷ್ಟು ದಿನದ ಮಾತು?

ನಾಳೆ, ನಾಡಿದ್ದು, ಶುಕ್ರವಾರ ಅಂತ ದಿನ ಎಣಿಸಿ ಹೇಳುವ ಮುನ್ಸೂಚನೆ ಒಂದು ಬಗೆ. ‘ಮುಂದಿನ ಎರಡು ವಾರ’, ‘ಈ ತಿಂಗಳು’, ‘ಈ ವಸಂತ’ ಅಂತ ಒಟ್ಟಾಗಿ ಹೇಳುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಇಂಥ ದಿನ ಇಷ್ಟು ಡಿಗ್ರಿ ಅನ್ನುವುದು ಇರುವುದೇ ಇಲ್ಲ. ‘ವಾಡಿಕೆಗಿಂತ ಬೆಚ್ಚಗೆ’ ಅಂತಷ್ಟೇ ಇರುತ್ತದೆ. ನಾವು ‘ವಾಡಿಕೆಗಿಂತ’ ಅನ್ನುವುದನ್ನು ನುಂಗಿಬಿಟ್ಟು ‘ಬೆಚ್ಚಗೆ’ ಅನ್ನುವುದನ್ನು ಮಾತ್ರ ಓದುತ್ತೇವೆ.

ವಾಡಿಕೆ ಅಂದರೆ 30 ವರ್ಷದ ಸರಾಸರಿ. ಈಗ ಹೆಚ್ಚಾಗಿ ಬಳಸುವುದು 1991ರಿಂದ 2020ರವರೆಗಿನ ಲೆಕ್ಕ. ನಿಮ್ಮ ಕಡೆ ಆ ವಾರದ ವಾಡಿಕೆ ಹಗಲಿಗೆ 11 ಡಿಗ್ರಿ ಅಂತಿಟ್ಟುಕೊಳ್ಳಿ. ವಾಡಿಕೆಗಿಂತ 3 ಡಿಗ್ರಿ ಜಾಸ್ತಿ ಅಂದರೂ 14 ಅಷ್ಟೇ. ಅದಕ್ಕೆ ಜಾಕೆಟ್ ಬೇಕೇ ಬೇಕು. ಹಾಗಾಗಿ ಋತುವಿನ ಶುರುವಿನಲ್ಲೇ ನಿಮ್ಮ ಊರಿನ ವಾರವಾರದ ವಾಡಿಕೆ ಎಷ್ಟು ಅಂತ ಹುಡುಕಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹಗಲಿನದೂ ರಾತ್ರಿಯದೂ ಎರಡೂ ಇರಲಿ. ನನ್ನ ಚೀಟಿ ಕ್ಯಾಲೆಂಡರ್ ಹಿಂದೆ ಅಂಟಿದೆ.

ಇನ್ನು ಆ ಬಣ್ಣದ ನಕ್ಷೆಗಳು. ಕಡುಕೆಂಪು ಕಂಡ ಕೂಡಲೇ ಸುಡುಬಿಸಿಲು ಬರುತ್ತದೆ ಅಂದುಕೊಳ್ಳುವವರೇ ಜಾಸ್ತಿ. ಇಂಥ ದೂರದ ಮುನ್ನೋಟದ ನಕ್ಷೆಗಳಲ್ಲಿ ಬಣ್ಣ ಸಾಮಾನ್ಯವಾಗಿ ಹೇಳುವುದು ಸಾಧ್ಯತೆಯನ್ನು. ಹೀಗೆ ಯೋಚಿಸಿ. ಹಿಂದಿನ 30 ವರ್ಷಗಳನ್ನು ಚಳಿಯಿಂದ ಬಿಸಿಗೆ ಸಾಲಾಗಿ ನಿಲ್ಲಿಸುತ್ತಾರೆ. ತಲಾ 10 ವರ್ಷದಂತೆ ಮೂರು ಪಾಲು ಮಾಡುತ್ತಾರೆ: ತಣ್ಣಗಿನದು, ನಡುವಿನದು, ಬೆಚ್ಚಗಿನದು. ಯಾವ ಸುಳಿವೂ ಇಲ್ಲದಿದ್ದರೆ ಒಂದೊಂದಕ್ಕೂ ಶೇ. 33 ಸಾಧ್ಯತೆ. ಈಗ ‘ಬೆಚ್ಚಗಿನ ಪಾಲಿಗೆ ಶೇ. 45’ ಅಂತ ಬಂದರೆ ನಕ್ಷೆ ಕೆಂಪಾಗುತ್ತದೆ. ಆದರೆ ಬೆಚ್ಚಗಿರದೇ ಇರುವ ಸಾಧ್ಯತೆ ಇನ್ನೂ ಶೇ. 55 ಇದೆ, ಅಲ್ವಾ? ಇದನ್ನು ನೋಡಿಕೊಂಡು ಬೀಜ ತರಿಸಬಹುದು, ಪಾತಿ ಅಗೆದಿಡಬಹುದು. ಸಸಿ ಹೊರಗಿಡುವ ದಿನ ಗೊತ್ತುಮಾಡುವಂತಿಲ್ಲ.

ಒಂದೇ ಶನಿವಾರವನ್ನು ಏಳು ದಿನ ನೋಡಿ

1961ರಲ್ಲಿ ಎಡ್ವರ್ಡ್ ಲೊರೆಂಜ್ ಎಂಬ ವಿಜ್ಞಾನಿ ಕಂಪ್ಯೂಟರಿನಲ್ಲಿ ಹವಾಮಾನದ ಲೆಕ್ಕವೊಂದನ್ನು ಎರಡನೇ ಸಲ ಓಡಿಸಿದರು. 0.506127 ಅಂತ ಇದ್ದ ಅಂಕಿಯನ್ನು 0.506 ಅಂತ ಮೊಟಕು ಮಾಡಿ ಕೊಟ್ಟಿದ್ದರು. ಸ್ವಲ್ಪ ದೂರ ಎರಡೂ ಲೆಕ್ಕ ಜೊತೆಜೊತೆಗೇ ಹೋದವು. ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬೇರೆಯಾದವು. ಶುರುವಿನ ಇಷ್ಟು ಸಣ್ಣ ವ್ಯತ್ಯಾಸವೂ ದಿನ ಕಳೆದಂತೆ ದೊಡ್ಡದಾಗುತ್ತದೆ. ಅದಕ್ಕೇ ಈಗ ಹವಾಮಾನ ಕೇಂದ್ರಗಳು ಒಂದೇ ಲೆಕ್ಕ ಮಾಡಿ ಸುಮ್ಮನಾಗುವುದಿಲ್ಲ. ಯುರೋಪಿನ ಕೇಂದ್ರ ಒಂದೊಂದು ಸಲಕ್ಕೂ ಶುರುವಿನ ಅಂಕಿಗಳನ್ನು ಚೂರುಚೂರು ಬದಲಿಸಿ 51 ಲೆಕ್ಕ ಓಡಿಸುತ್ತದೆ. ಐವತ್ತೊಂದೂ ಒಂದೇ ಮಾತು ಹೇಳಿದರೆ ನಂಬಿಕೆ ಜಾಸ್ತಿ. ಒಂದು 9, ಇನ್ನೊಂದು 22 ಅಂದರೆ, ಆ ದಿನದ ಬಗ್ಗೆ ಇನ್ನೂ ಏನೂ ನಿಕ್ಕಿಯಾಗಿಲ್ಲ ಅಂತ ಅರ್ಥ.

ಫೋನಿನ ಆ್ಯಪ್‌ಗಳು ಇದನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಒಂದೇ ಅಂಕಿ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಅದಕ್ಕೆ ನಾನು ಕಂಡುಕೊಂಡ ಉಪಾಯ ತೀರಾ ಸರಳ. ಬರುವ ಒಂದು ದಿನ ಆರಿಸಿ, ಅದರ ಅಂಕಿಯನ್ನು ದಿನಾ ಬೆಳಗ್ಗೆ ಬರೆದುಕೊಳ್ಳಿ. ಕಳೆದ ವರ್ಷದ ಒಂದು ಶನಿವಾರದ ಬಗ್ಗೆ ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ: ಹಿಂದಿನ ಶನಿವಾರ 21 ಅಂದಿತ್ತು. ಭಾನುವಾರ 17. ಸೋಮವಾರ 20. ಮಂಗಳವಾರ 14. ಬುಧವಾರ 15, ಗುರುವಾರ 15. ಶನಿವಾರ ನಿಜಕ್ಕೂ ಆಗಿದ್ದು 14. ಅಂಕಿ ಹಾರಾಡುತ್ತಿರುವ ತನಕ ಅದನ್ನು ನಂಬಿ ಏನೂ ಮಾಡಬೇಡಿ. ಮೂರು ದಿನ ಒಂದೆರಡು ಡಿಗ್ರಿಯೊಳಗೆ ನಿಂತರೆ ಆಗ ಕೆಲಸಕ್ಕೆ ಕೈಹಾಕಿ. ಐದು ದಿನದೊಳಗಿನ ಮಾತು ಹೆಚ್ಚಿನಂಶ ನಡೆಯುತ್ತದೆ. ಹತ್ತು ದಿನದಾಚೆಗಿನದನ್ನು ನಾನು ಓದುತ್ತೇನೆ, ಆದರೆ ಅದನ್ನು ನೆಚ್ಚಿ ಏನೂ ಮಾಡುವುದಿಲ್ಲ.

ಹಗಲು ಬಿಡಿ, ರಾತ್ರಿ ನೋಡಿ

ಈಗ ನನ್ನ ಸಸಿಗಳ ವಿಷಯ. ಕನಿಷ್ಠ 3 ಡಿಗ್ರಿ ಎಂದಿತ್ತು. ನೀರು ಹೆಪ್ಪುಗಟ್ಟುವುದು 0 ಡಿಗ್ರಿಯಲ್ಲಿ. ಮತ್ತೆ ಸಸಿ ಹೇಗೆ ಸತ್ತವು?

ಮುನ್ಸೂಚನೆಯ ತಾಪಮಾನ ನೆಲದ್ದಲ್ಲ. ಹವಾಮಾನ ಕೇಂದ್ರದ ಥರ್ಮಾಮೀಟರ್ ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ, ನೆರಳಿನ ಗೂಡಿನಲ್ಲಿ ಇರುತ್ತದೆ. ಹೆಚ್ಚುಕಡಿಮೆ ನಮ್ಮ ಎದೆಯ ಎತ್ತರ. ಟೊಮೆಟೊ ಸಸಿ ಇರುವುದು ಗೇಣುದ್ದ. ರಾತ್ರಿ ನೆಲವೂ ಎಲೆಯೂ ತಮ್ಮ ಬಿಸಿಯನ್ನು ಮೇಲಕ್ಕೆ ಬಿಟ್ಟುಕೊಡುತ್ತಲೇ ಇರುತ್ತವೆ. ಮೋಡ ಇದ್ದರೆ ಅದು ಕಂಬಳಿಯಂತೆ ಒಂದಿಷ್ಟು ಬಿಸಿಯನ್ನು ತಿರುಗಿ ಕೊಡುತ್ತದೆ. ಆಕಾಶ ತಿಳಿಯಾಗಿದ್ದರೆ ಆ ಬಿಸಿ ಹೋಗಿದ್ದು ಹೋಯಿತು. ಗಾಳಿಯೂ ಇಲ್ಲದಿದ್ದರೆ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ಮಲಗುತ್ತದೆ. ಎದೆಯ ಎತ್ತರದಲ್ಲಿ 3 ಡಿಗ್ರಿ ಇರುವಾಗ ಎಲೆಯ ಮೇಲೆ 0ಗಿಂತ ಕೆಳಗೆ ಹೋಗುವುದು ಹೀಗೆ.

ಆದ್ದರಿಂದ ಕನಿಷ್ಠ 4 ಅಥವಾ ಅದಕ್ಕಿಂತ ಕಡಿಮೆ ಕಂಡರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ರಾತ್ರಿ ಮೋಡ ಇದೆಯಾ? ಗಾಳಿ ಗಂಟೆಗೆ 8–10 ಕಿ.ಮೀ. ಆದರೂ ಇದೆಯಾ? ಇಬ್ಬನಿ ಬಿಂದು ಎಷ್ಟು?

ಮೂರನೆಯದನ್ನು ಯಾರೂ ನೋಡುವುದಿಲ್ಲ. ನನಗಂತೂ ಅದೇ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿರುವುದು. ಆ್ಯಪ್‌ನಲ್ಲಿ ‘ಡ್ಯೂ ಪಾಯಿಂಟ್’ ಅಂತ ಇರುತ್ತದೆ. ಗಾಳಿಯಲ್ಲಿರುವ ನೀರಿನ ಆವಿ ಯಾವ ತಾಪಮಾನಕ್ಕೆ ಇಬ್ಬನಿಯಾಗಿ ಕೂರುತ್ತದೋ ಅದು. ಆವಿ ನೀರಾಗುವಾಗ ಬಿಸಿ ಬಿಟ್ಟುಕೊಡುತ್ತದೆ. ಹಾಗಾಗಿ ರಾತ್ರಿ ತಾಪಮಾನ ಆ ಅಂಕಿಯ ಹತ್ತಿರ ಬಂದ ಮೇಲೆ ಇಳಿಯುವುದು ನಿಧಾನವಾಗುತ್ತದೆ. ಇಬ್ಬನಿ ಬಿಂದು 6 ಇದ್ದರೆ ಆ ರಾತ್ರಿ ಸುಮಾರು ಅಲ್ಲೇ ನಿಂತೀತು. -4 ಇದ್ದರೆ ಗಾಳಿ ಒಣಗಿದೆ, ಹಿಡಿದು ನಿಲ್ಲಿಸುವಂಥದ್ದು ಏನೂ ಇಲ್ಲ. ವಸಂತದ ಶುರುವಿನಲ್ಲಿ ಒಣಗಾಳಿಯ ದಿನಗಳು ಬಹಳ. ಹಗಲು ಹಿತವಾದ ಬಿಸಿಲು, ರಾತ್ರಿ ಕೊರೆಯುವ ಚಳಿ. ಎರಡೂ ಅದೇ ತಿಳಿ ಆಕಾಶದ ಕೆಲಸ.

ಇನ್ನೊಂದು ಮೋಸ ಇದೆ. ‘ಶನಿವಾರ: 19 / 3’ ಅಂತ ಬರೆದಿದ್ದರೆ ಆ 3 ಯಾವಾಗಿನದು? ಕೆಲವು ಆ್ಯಪ್‌ಗಳಲ್ಲಿ ಅದು ಶನಿವಾರ ಬೆಳಗಿನ ಜಾವದ್ದು. ಇನ್ನು ಕೆಲವದರಲ್ಲಿ ಶನಿವಾರ ರಾತ್ರಿ ಕಳೆದು ಭಾನುವಾರ ಬೆಳಗಾಗುವಾಗಿನದು. ಒಂದಿಡೀ ದಿನದ ವ್ಯತ್ಯಾಸ! ಗಂಟೆಗಂಟೆಯ ಪಟ್ಟಿ ತೆರೆದು ನೋಡಿದರೆ ಗೊತ್ತಾಗುತ್ತದೆ. ಅತಿ ಕಡಿಮೆ ಅಂಕಿ ಸಾಮಾನ್ಯವಾಗಿ ಇರುವುದು ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ, ನಡುರಾತ್ರಿಯಲ್ಲಲ್ಲ. ಎಳೆಬಿಸಿಲು ಕೊಡುವ ಬಿಸಿಗಿಂತ ನೆಲ ಕಳೆದುಕೊಳ್ಳುವುದು ಆಗಲೂ ಜಾಸ್ತಿ ಇರುತ್ತದೆ. ರಾತ್ರಿ 11ಕ್ಕೆ ಒಂದು ಸಲ ನೋಡಿ ‘ಇವತ್ತು ಪರವಾಗಿಲ್ಲ’ ಅಂತ ಮಲಗಿದರೆ ಕೆಟ್ಟಿರಿ.

ಹೊದಿಸುವುದಾದರೆ ಸಂಜೆ ಸೂರ್ಯ ಇಳಿಯುವ ಮೊದಲೇ ಹೊದಿಸಿ. ಆಗ ನೆಲದಲ್ಲಿ ಹಗಲಿನ ಬಿಸಿ ಇನ್ನೂ ಇರುತ್ತದೆ. ಹಳೇ ಬೆಡ್‌ಶೀಟ್ ಸಾಕು. ಆದರೆ ಅಂಚು ನಾಲ್ಕೂ ಕಡೆ ನೆಲ ಮುಟ್ಟಬೇಕು. ಹೊದಿಕೆ ಹಿಡಿದಿಡುವುದು ನೆಲದಿಂದ ಬರುವ ಬಿಸಿಯನ್ನು. ನಾನು ಮೊದಲ ಸಲ ಕಾಂಡಕ್ಕೇ ಸುತ್ತಿ ದಾರ ಕಟ್ಟಿದ್ದೆ, ಮಗಳು “ಅಪ್ಪಾ, ಗಿಡಕ್ಕೆ ಮಫ್ಲರ್ ಹಾಕಿದೀಯಾ?” ಅಂತ ನಕ್ಕಿದ್ದಳು. ಅದರಿಂದ ಏನೂ ಪ್ರಯೋಜನ ಆಗಲಿಲ್ಲ. ಪ್ಲಾಸ್ಟಿಕ್ ಆದರೆ ಎಲೆಗೆ ತಾಗದಂತೆ ಕಡ್ಡಿ ನೆಟ್ಟು ಎತ್ತಿ ಕಟ್ಟಿ. ಮಧ್ಯಾಹ್ನವೇ ಮಣ್ಣಿಗೆ ನೀರು ಹಾಕಿಡಿ. ಒಣ ಮಣ್ಣಿಗಿಂತ ಒದ್ದೆ ಮಣ್ಣು ಜಾಸ್ತಿ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಲು ಬಿದ್ದ ಮೇಲೆ ಹೊದಿಕೆ ತೆಗೆಯುವುದನ್ನು ಮರೆಯಬೇಡಿ, ಒಳಗೆ ಬೇಯುತ್ತವೆ. ಹೀಗೆ ಮಾಡಿದರೆ ಒಂದೆರಡು ಡಿಗ್ರಿ ಉಳಿಸಬಹುದು. ಬೀಸುಗಾಳಿಯೇ ದೂರದಿಂದ ಚಳಿ ಹೊತ್ತು ತಂದ ರಾತ್ರಿ ಮಾತ್ರ ಯಾವ ಬೆಡ್‌ಶೀಟೂ ಸಾಲದು. ಕುಂಡ ಎತ್ತಿ ಒಳಗಿಡುವುದೊಂದೇ ದಾರಿ.

ನಿಮ್ಮ ಅಂಗಳದ ಲೆಕ್ಕ ಬೇರೆ

‘ಪ್ರದೇಶದ ಮುನ್ಸೂಚನೆ’ ಅಂದರೆ ನೂರಾರು ಕಿ.ಮೀ. ಅಗಲದ ಜಾಗಕ್ಕೆ ಒಂದೇ ಮಾತು. ಅದರಲ್ಲಿ ಗುಡ್ಡವೂ ಇರುತ್ತದೆ, ಕಣಿವೆಯೂ ಇರುತ್ತದೆ, ಕಡಲ ತೀರವೂ ಇರಬಹುದು. ಎತ್ತರಕ್ಕೆ ಹೋದಂತೆ ಸರಾಸರಿ ಪ್ರತಿ 1000 ಮೀಟರಿಗೆ 6.5 ಡಿಗ್ರಿ ಇಳಿಯುತ್ತದೆ. ಆದರೆ ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ಲೆಕ್ಕ ತಿರುಗುಮುರುಗು. ತಣ್ಣನೆಯ ಗಾಳಿ ಭಾರ. ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆಗ ಕಣಿವೆಯ ತಳಕ್ಕಿಂತ ಗುಡ್ಡದ ಓರೆಯೇ ಬೆಚ್ಚಗೆ. ಕಡಲ ತೀರದವರಿಗೆ ವಸಂತ ತಡ, ಯಾಕೆಂದರೆ ನೀರು ಕಾಯುವುದು ನಿಧಾನ. ಒಳನಾಡಿಗೆ 20 ಅಂದ ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ತಿರುಗಿದರೆ ತೀರದಲ್ಲಿ 12 ಆಗಿಬಿಡಬಹುದು. ಊರ ನಡುವೆ ಸಿಮೆಂಟು, ಟಾರು ಹಗಲಿನ ಬಿಸಿ ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತವೆ. ಅಲ್ಲಿಯವರ ಗಿಡಗಳ ಮೇಲೆ ತೇವ ಹೆಪ್ಪುಗಟ್ಟಿ ಹಿಮ ಕೂರುವುದು ಕಡಿಮೆ.

ನಿಮ್ಮ ವ್ಯತ್ಯಾಸ ಎಷ್ಟು ಅಂತ ಅಳೆಯುವುದು ಕಷ್ಟವಲ್ಲ. ಕನಿಷ್ಠ–ಗರಿಷ್ಠ ನೆನಪಿಟ್ಟುಕೊಳ್ಳುವ ಸಾದಾ ಥರ್ಮಾಮೀಟರ್ ಸಾಕು. ಗಿಡಗಳ ಎತ್ತರದಲ್ಲಿ, ಗೋಡೆಯಿಂದ ದೂರ, ಬೆಳಗಿನ ಬಿಸಿಲು ನೇರ ಬೀಳದಂತೆ ಇಡಿ. 14 ದಿನ ಬೆಳಗ್ಗೆ ಎದ್ದ ಕೂಡಲೇ ಅದರ ಕನಿಷ್ಠವನ್ನು ಬರೆದುಕೊಳ್ಳಿ. ಪಕ್ಕದಲ್ಲಿ ಮುನ್ಸೂಚನೆ ಹೇಳಿದ್ದ ಕನಿಷ್ಠ ಬರೆಯಿರಿ. ತಿಳಿ ರಾತ್ರಿ, ಮೋಡದ ರಾತ್ರಿ ಎರಡನ್ನೂ ಬೇರೆಬೇರೆ ಗುರುತು ಮಾಡಿ. ನನ್ನ ಅಂಗಳದಲ್ಲಿ ಮೋಡದ ರಾತ್ರಿ ವ್ಯತ್ಯಾಸ ಅರ್ಧ ಡಿಗ್ರಿ. ತಿಳಿ ರಾತ್ರಿ 4 ಡಿಗ್ರಿ. ನಮ್ಮದು ತಗ್ಗಿನ ಜಾಗ, ಕೆಳಗಡೆ ಗಟ್ಟಿ ಕಾಂಪೌಂಡ್ ಬೇರೆ. ಹರಿದು ಬಂದ ಚಳಿಗಾಳಿಗೆ ಅದೇ ಅಣೆಕಟ್ಟು! ಗೊತ್ತಾದ ಮೇಲೆ ಕೆಳಗಿನ ಗೇಟನ್ನು ರಾತ್ರಿ ತೆರೆದಿಡುತ್ತಿದ್ದೇನೆ. ಅಷ್ಟಕ್ಕೇ ಒಂದು ಡಿಗ್ರಿ ಸುಧಾರಿಸಿದೆ. ನಾಯಿ ಬರುತ್ತದೆ ಅಂತ ಮನೆಯಲ್ಲಿ ತಕರಾರು ಇದೆ, ಅದು ಬೇರೆ ವಿಷಯ.

ಬೆಚ್ಚಗಾದ ಮಾರನೇ ದಿನವೇ ಚಳಿ ಯಾಕೆ?

ಮಾರ್ಚ್ 21ರ ಬಿಸಿಲಿಗೂ ಸೆಪ್ಟೆಂಬರ್ 23ರ ಬಿಸಿಲಿಗೂ ಶಕ್ತಿ ಹೆಚ್ಚುಕಡಿಮೆ ಒಂದೇ. ಆದರೂ ಉತ್ತರಾರ್ಧಗೋಳದಲ್ಲಿ ಮಾರ್ಚ್ ತಣ್ಣಗೆ, ಸೆಪ್ಟೆಂಬರ್ ಬೆಚ್ಚಗೆ. ಕಡಲೂ ನೆಲವೂ ಇನ್ನೂ ಚಳಿಗಾಲದ ಸಾಲ ತೀರಿಸುತ್ತಿರುತ್ತವೆ. ಹಿಮ ಬಿದ್ದ ಕಡೆಯಲ್ಲಂತೂ ಹೊಸ ಹಿಮ ಬಿಸಿಲಿನ ಶೇ. 80ಕ್ಕೂ ಜಾಸ್ತಿಯನ್ನು ಹಾಗೇ ವಾಪಸ್ ಕಳಿಸುತ್ತದೆ. ಉತ್ತರದಲ್ಲಿ ಚಳಿ ಇನ್ನೂ ರಾಶಿಬಿದ್ದಿರುತ್ತದೆ, ದಕ್ಷಿಣದಲ್ಲಿ ಬಿಸಿ ಏರುತ್ತಿರುತ್ತದೆ. ನಾವು ನಡುವೆ. ಗಾಳಿ ಯಾವ ಕಡೆಯಿಂದ ಬಂತೋ ಆ ದಿನ ಹಾಗೆ.

ಇದಕ್ಕೊಂದು ಗುರುತು ಇದೆ. ಚಳಿಗಾಳಿಯ ಅಲೆಯೊಂದು ಬರುವ ಮುಂಚೆ, ಅದರ ಮುಂಭಾಗದಲ್ಲಿ ದಕ್ಷಿಣದ ಬಿಸಿಗಾಳಿ ನುಗ್ಗುತ್ತದೆ. ಆ ವಾರದ ಅತಿ ಬೆಚ್ಚನೆಯ ದಿನ ಎಷ್ಟೋ ಸಲ ಅದೇ. ಗಾಳಿ ದಕ್ಷಿಣದಿಂದ ಅಥವಾ ನೈಋತ್ಯದಿಂದ ಜೋರಾಗಿ ಬೀಸುತ್ತಿದೆ, ವಾಯುಭಾರ ಇಳಿಯುತ್ತಿದೆ ಅಂದರೆ ಆ ಬಿಸಿ ನಿಲ್ಲುವುದಿಲ್ಲ. ಒಂದು ಮಳೆ ಬಂದು, ಗಾಳಿ ವಾಯವ್ಯಕ್ಕೆ ತಿರುಗಿ, ವಾಯುಭಾರ ಸರ್ರನೆ ಏರುತ್ತದೆ. ಆಮೇಲೆ ಎರಡನೇ ಅಥವಾ ಮೂರನೇ ರಾತ್ರಿ ನೋಡಿ: ಗಾಳಿ ನಿಲ್ಲುತ್ತದೆ, ಆಕಾಶ ತೊಳೆದಿಟ್ಟಂತೆ ಇರುತ್ತದೆ. ಹಿಮ ಕೂರುವುದು ಆ ರಾತ್ರಿ. ದಕ್ಷಿಣಾರ್ಧಗೋಳದವರು ದಿಕ್ಕುಗಳನ್ನು ತಿರುಗಿಸಿಕೊಳ್ಳಿ, ನಿಮಗೆ ಇದೆಲ್ಲ ಸೆಪ್ಟೆಂಬರಿನಲ್ಲಿ. ಹಗಲು ಏರುತ್ತಾ ಹೋಗಿ ರಾತ್ರಿ ಮಾತ್ರ ಇದ್ದಲ್ಲೇ ಇದ್ದರೆ ಋತು ಇನ್ನೂ ತಿರುಗಿಲ್ಲ. ರಾತ್ರಿಯ ಅಂಕಿಗಳು ಸತತ ಹತ್ತು ದಿನ ಮೇಲಕ್ಕೆ ಸರಿದರೆ ನಾನು ದಪ್ಪ ಕೋಟನ್ನು ಒಗೆಯಲು ಹಾಕುತ್ತೇನೆ.

ಮಿಕ್ಕ ಕೆಲಸಗಳು ಬೇಗ ಹೇಳಿಬಿಡುತ್ತೇನೆ. ಬಟ್ಟೆಯನ್ನು ಮಧ್ಯಾಹ್ನದ ಅಂಕಿ ನೋಡಿ ಹಾಕಬೇಡಿ, ಮನೆ ಬಿಡುವ ಹೊತ್ತಿನ ಅಂಕಿ ನೋಡಿ. ಒಂದು ದಪ್ಪದ್ದರ ಬದಲು ತೆಳುವಾದ ಎರಡಿದ್ದರೆ ಒಂದನ್ನು ಬಿಚ್ಚಿ ಚೀಲಕ್ಕೆ ಹಾಕಬಹುದು. ಗಾಡಿಯ ಚಕ್ರದ ಗಾಳಿ ಪ್ರತಿ 5–6 ಡಿಗ್ರಿಗೆ ಸುಮಾರು 1 ಪಿಎಸ್‌ಐ ಏರಿಳಿಯುತ್ತದೆ. ಚಳಿಯಲ್ಲಿ ತುಂಬಿಸಿದ್ದರೆ ಬೆಚ್ಚಗಾದ ಮೇಲೆ ಒಮ್ಮೆ ನೋಡಿಸಿ. ನೀರಿನ ಬಗ್ಗೆ ಮಾತ್ರ ಹುಷಾರು. ಗಾಳಿ 22 ಇದ್ದರೂ ಕೆರೆ, ಹೊಳೆಯ ನೀರು 9 ಇರಬಹುದು. 15ಕ್ಕಿಂತ ತಣ್ಣನೆಯ ನೀರಿಗೆ ಒಮ್ಮೆಲೇ ಧುಮುಕಿದರೆ ಉಸಿರು ಹಿಡಿತ ತಪ್ಪುತ್ತದೆ. ಚೆನ್ನಾಗಿ ಈಜು ಬರುವವರೂ ಇದರಿಂದ ಮುಳುಗಿದ್ದಾರೆ.

ಇನ್ನು ಸಸಿಗಳು. ಮಣ್ಣಿನೊಳಗೆ ಬೆರಳುದ್ದ ಆಳಕ್ಕೆ ಥರ್ಮಾಮೀಟರ್ ಚುಚ್ಚಿ, ಬೆಳಗ್ಗೆ ನೋಡಿ. ಬಟಾಣಿ 5 ಡಿಗ್ರಿಗೂ ಮೊಳೆಯುತ್ತದೆ, ನಿಧಾನವಾಗಿ. ಹುರುಳಿಕಾಯಿ ಬೀಜಕ್ಕೆ 15 ಆದರೂ ಬೇಕು, ಇಲ್ಲದಿದ್ದರೆ ಮಣ್ಣಲ್ಲೇ ಕೊಳೆಯುತ್ತದೆ. ಟೊಮೆಟೊ ಸಸಿಗಳನ್ನು ಒಂದೇ ದಿನಕ್ಕೆ ಹೊರಗೆ ತಳ್ಳಬೇಡಿ. ಮೊದಲ ದಿನ ನೆರಳಿನಲ್ಲಿ ಒಂದು ಗಂಟೆ. ಮಾರನೇ ದಿನ ಎರಡು. ಹೀಗೆ ಒಂದು ವಾರ, ಹತ್ತು ದಿನ. ಗಾಳಿ ಜೋರಿದ್ದರೆ ಆ ದಿನ ರಜೆ. ಕೊನೆಗೆ, ಮುನ್ಸೂಚನೆಯ ಕನಿಷ್ಠದಿಂದ ನಿಮ್ಮ ಅಂಗಳದ ವ್ಯತ್ಯಾಸ ಕಳೆದ ಮೇಲೂ ಸತತ ಐದು ರಾತ್ರಿ 10 ಡಿಗ್ರಿಗಿಂತ ಮೇಲಿದ್ದರೆ ನೆಡಿ. ಈ ವರ್ಷ ನನ್ನ ಲೆಕ್ಕ ಇವತ್ತಿಗೆ ಮೂರು ರಾತ್ರಿ. 24 ಕುಂಡ ಈಗ ಕಿಟಕಿ ಪಕ್ಕ ಇವೆ. ಹೆಂಡತಿ ಈ ಸಲ “ಇನ್ನೂ ಎಷ್ಟು ದಿನ ರೀ, ಕರ್ಟನ್ ಎಳೆಯೋಕೂ ಜಾಗ ಇಲ್ಲ” ಅನ್ನುತ್ತಿದ್ದಾಳೆ.